ಹವ್ವಳ ಅಳು, ಆದಾಮನ ಮುಚ್ಚಿದ ಮುಖ: ಒಂದು ಚಿತ್ರವನ್ನು ಓದುತ್ತಾ ಬಂದ ಕಥೆ

ಇಟಲಿಯ ಫ್ಲಾರೆನ್ಸ್‌ನ ಕಾರ್ಮಿನೆ ಚರ್ಚಿನಲ್ಲಿ ಬ್ರಂಕಾಚ್ಚಿ ಎಂಬ ಸಣ್ಣ ಪ್ರಾರ್ಥನಾ ಕೋಣೆ ಇದೆ. ಅದರ ಗೋಡೆಯ ಮೇಲೆ 1425ರ ಸುಮಾರಿಗೆ ಮಸಾಚ್ಚೊ ಎಂಬ ಹುಡುಗ, ದೇವರು ಬೇಡವೆಂದ ಹಣ್ಣು ತಿಂದು ಏದೆನ್ ತೋಟದಿಂದ ಹೊರಬಿದ್ದ ಬೈಬಲ್ಲಿನ ಮೊದಲ ಜೋಡಿ ಆದಾಮ ಮತ್ತು ಹವ್ವರನ್ನು ಬರೆದ. ಹವ್ವ ತಲೆ ಎತ್ತಿ, ಬಾಯಿ ತೆರೆದು ಅಳುತ್ತಿದ್ದಾಳೆ. ಕಣ್ಣಿನ ಜಾಗದಲ್ಲಿ ಬರೀ ಎರಡು ಕಪ್ಪು ಗೆರೆಗಳು.

ಎದುರುಗಡೆ ಅವನ ಜೊತೆಗಾರ ಚಿತ್ರಕಾರ ಮಸೊಲಿನೊ ಬರೆದ ಇದೇ ಜೋಡಿ ಇದೆ, ಹಣ್ಣು ತಿನ್ನುವ ಹೊತ್ತಿನದು. ನೋಡೋಕೆ ಚೆಂದ, ಆದರೆ ಮೈಯಲ್ಲಿ ಭಾರವೇ ಇಲ್ಲ. ಮಸಾಚ್ಚೊ ಬರೆದವರು ನಿಜವಾಗಿ ಕಾಲೂರಿ ನಡೆಯುತ್ತಾರೆ, ಅವರ ನೆರಳು ಕೂಡ ಆ ಕೋಣೆಯ ಕಿಟಕಿಯಿಂದಲೇ ಬೆಳಕು ಬಂದ ಹಾಗೆ ಹಿಂದಕ್ಕೆ ಬೀಳುತ್ತದೆ. ಕಥೆ ಗೊತ್ತಿಲ್ಲದವರಿಗೂ ಎದೆ ಭಾರವಾಗುತ್ತದೆ. ಹಾಗಾದರೆ ಆ ದುಃಖ ಇರುವುದು ಬರೆದ ರೀತಿಯಲ್ಲೋ, ಕಥೆಯಲ್ಲೋ?

ಆ ಕಾಲದವರು ಇದನ್ನು ಬೇರೆ ಮಾಡಿ ನೋಡಲಿಲ್ಲ. ಅಳುವವರನ್ನು ಕಂಡರೆ ನಾವೂ ಅಳುತ್ತೇವೆ, ಮನಸ್ಸಿನಲ್ಲಿ ಆಗುವುದು ಮೈಯ ಚಲನೆಯಲ್ಲಿ ಕಾಣಬೇಕು ಅಂತ ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ ಆಲ್ಬೆರ್ತಿ 1435ರಲ್ಲೇ ಹೇಳಿದ್ದ.

ಬೇರೆ ಮಾಡಿದ್ದು ಆಮೇಲಿನವರು. 1680ರ ಸುಮಾರಿಗೆ ಇಬ್ಬರ ಸೊಂಟಕ್ಕೂ ಎಲೆ ಬರೆಸಲಾಯಿತು. ಬರೆಸಿದವರಿಗೆ ಕಂಡದ್ದು ಬೆತ್ತಲೆ ಮಾತ್ರ. 20ನೇ ಶತಮಾನದ ಕಲಾ ಇತಿಹಾಸದ ವಿದ್ವಾಂಸರು ಇನ್ನೊಂದು ಬಗೆಯಲ್ಲಿ ಹಂಚಿಕೊಂಡರು. ವೋಲ್ಫ್ಲಿನ್ 1915ರಲ್ಲಿ ಗೆರೆ, ಆಳ, ಜೋಡಣೆಯಂಥ ರೂಪದ ಲೆಕ್ಕಕ್ಕೆ ಒತ್ತು ಕೊಟ್ಟರು. ಪನೋಫ್ಸ್ಕಿ 1939ರಲ್ಲಿ ಚಿತ್ರದ ಅರ್ಥವನ್ನು ಮೂರು ಹಂತಗಳಲ್ಲಿ ಬಿಡಿಸುವ ದಾರಿ ಹಾಕಿದರು. ಇದರಿಂದ ಉಪಕಾರ ಆಗಿದೆ, ನಿಜ. ಆದರೆ ಸಂಕೇತ ಹುಡುಕುವ ಚಟ ಜಾಸ್ತಿಯಾದಾಗ ಅಳುವ ಮುಖವೇ ಮರೆತುಹೋಗುತ್ತದೆ.

ನನಗೆ ಹತ್ತಿರವಾದವರು ಇನ್ನೊಬ್ಬ ಕಲಾ ಇತಿಹಾಸಕಾರ ಆಬಿ ವಾರ್ಬರ್ಗ್. ತೀವ್ರ ಭಾವಕ್ಕೆ ಹಳೇ ಗ್ರೀಕ್, ರೋಮನ್ ಶಿಲ್ಪಗಳ ಭಂಗಿಗಳು ಮತ್ತೆ ಮತ್ತೆ ಮರಳಿ ಬರುತ್ತವೆ ಅಂತ ಅವರು ತೋರಿಸಿದರು. ಹವ್ವಳ ಕೈಗಳನ್ನೇ ನೋಡಿ: ಒಂದು ಎದೆಯ ಮೇಲೆ, ಇನ್ನೊಂದು ಕೆಳಗೆ. ಇದು ನಾಚಿ ನಿಂತ ಪ್ರೇಮದೇವತೆ ವೀನಸ್ ಮೂರ್ತಿಯ ಭಂಗಿ. ಅಲ್ಲಿ ಸೊಬಗಾಗಿದ್ದ ಸನ್ನೆ ಇಲ್ಲಿ ಅವಮಾನವಾಗಿದೆ. ರೂಪ, ಕಥೆ, ಭಾವ ಮೂರೂ ಒಂದೇ ಕೈಯಲ್ಲಿವೆ ಅಲ್ವಾ?

1972ರಲ್ಲಿ ಕಲಾ ಇತಿಹಾಸಕಾರ ಬ್ಯಾಕ್ಸಂಡಾಲ್ ನೋಡುಗರ ಕಡೆ ತಿರುಗಿದರು. ದೇವದೂತ ಬಂದು ಯೇಸು ಹುಟ್ಟುವ ಸುದ್ದಿ ಹೇಳಿದಾಗ ಅವನ ತಾಯಿಯಾಗಲಿದ್ದ ಮರಿಯಳ ಮನಸ್ಸು ಗಾಬರಿ, ಯೋಚನೆ, ಪ್ರಶ್ನೆ, ಒಪ್ಪಿಗೆ, ಕೊನೆಗೆ ಧನ್ಯತೆ ಹೀಗೆ ಐದು ಸ್ಥಿತಿ ದಾಟಿತು ಅಂತ 15ನೇ ಶತಮಾನದ ಒಬ್ಬ ಧರ್ಮಬೋಧಕ ಜನಕ್ಕೆ ಹೇಳುತ್ತಿದ್ದನಂತೆ. ಅದನ್ನು ಕೇಳಿ ಬಂದವರು ಚಿತ್ರದ ಮುಂದೆ ನಿಂತು, ಇದು ಯಾವ ಸ್ಥಿತಿ ಅಂತ ಗುರುತಿಸಬಲ್ಲವರಾಗಿದ್ದರು. ನಮಗೆ ಎಲ್ಲವೂ ಬರೀ 'ಶಾಂತ ಮುಖ'ವಾಗಿ ಕಂಡರೆ, ಆ ಕಣ್ಣು ನಮಗಿಲ್ಲ ಎಂದರ್ಥ.

1980ರ ದಶಕದಲ್ಲಿ ಬ್ರಂಕಾಚ್ಚಿಯ ಗೋಡೆಗಳನ್ನು ಶುಚಿ ಮಾಡಿದಾಗ ಮಸಿಯ ಜೊತೆ ಆ ಎಲೆಗಳೂ ಹೋದವು. ಎಲೆ ಇದ್ದಾಗ ಇಬ್ಬರೂ ಒಂದೇ ಥರ ಮುಚ್ಚಿಕೊಂಡವರಾಗಿದ್ದರು. ಈಗ ವ್ಯತ್ಯಾಸ ಎದ್ದು ಕಾಣುತ್ತದೆ. ಹವ್ವ ಮೈ ಮುಚ್ಚಿಕೊಳ್ಳುತ್ತಾಳೆ, ಆದಾಮನಿಗೆ ಮೈಯ ಪರಿವೆಯೇ ಇಲ್ಲ. ಬಿಕ್ಕಿ ಬಿಕ್ಕಿ ಅತ್ತು ಹೊಟ್ಟೆ ಒಳಕ್ಕೆ ಎಳೆದುಕೊಂಡಿದೆ, ಎರಡೂ ಕೈ ಮುಖದ ಮೇಲಿವೆ.