ಮೇಪಲ್ ಸಿರಪ್ಪಿನ ಬೆಲೆ ಕಟ್ಟುವವರು ಯಾರು?

ಮಾರ್ಚ್ ತಿಂಗಳಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿದ್ದವರು ಮೇಪಲ್ ಮರದ ರಸ ಕುದಿಸಿ ಸಿರಪ್ ಮಾಡುವ, ಊಟವನ್ನೂ ಬಡಿಸುವ ಒಂದು ಶುಗರ್ ಶ್ಯಾಕ್‌ಗೆ ಹೋಗದೆ ಇರುವುದು ಕಡಿಮೆ. ಮಾಂಟ್ರಿಯಲ್ ಕಡೆಯ ಕನ್ನಡದವರೂ ಮಕ್ಕಳನ್ನು, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಾರೆ. ಮೇಪಲ್ ಕಾಡಿನ ನಡುವೆ ಮರದ ಕಟ್ಟಡ, ಕುದುರೆ ಗಾಡಿ, ಉದ್ದ ಮೇಜುಗಳು, ಮಾಡಿನಿಂದ ಏಳುವ ಸಿಹಿ ಹಬೆ. ಹೊಟ್ಟೆ ತುಂಬಾ ಊಟ ಮಾಡಿ, ಫೋಟೋ ತೆಗೆದು ವಾಪಸ್ ಬರುತ್ತೇವೆ. ಆದರೆ ಆ ಸಿರಪ್ಪಿನ ಹಿಂದೆ ಬೆಲೆಯ ದೊಡ್ಡ ಜಗಳ ಇದೆ. ರೈತನ ಬೆಳೆಗೆ ಬೆಲೆ ಯಾರು ಕಟ್ಟಬೇಕು ಅನ್ನುವ, ನಮಗೂ ಚೆನ್ನಾಗಿ ಗೊತ್ತಿರುವ ಅದೇ ಜಗಳ. ಅದು ಗೊತ್ತಿದ್ದರೆ ಆ ಊಟದ ಮೇಜಿನ ಮೇಲಿರುವುದೆಲ್ಲ ಬೇರೆ ಥರ ಕಾಣುತ್ತದೆ ಅಂತ ನನಗನ್ನಿಸುತ್ತದೆ.

ಮೊದಲಿಂದ ಶುರು ಮಾಡೋಣ. ಮೇಪಲ್ ರಸ ತೆಗೆಯುವುದನ್ನು ಕಂಡುಕೊಂಡವರು ಫ್ರಾನ್ಸಿನಿಂದ ಬಂದವರಲ್ಲ. ಅನಿಶಿನಾಬೆ, ಅಬೆನಾಕಿ, ಹೋಡಿನೊಶೋನಿ ಮುಂತಾದ ಮೂಲನಿವಾಸಿ ಜನ ಅವರಿಗಿಂತ ಬಹಳ ಮುಂಚೆಯೇ ಮರಕ್ಕೆ ಗಾಯ ಮಾಡಿ ರಸ ಹಿಡಿಯುತ್ತಿದ್ದರು. ಬರ್ಚ್ ಮರದ ತೊಗಟೆಯ ಪಾತ್ರೆಯಲ್ಲಿ ಅದನ್ನು ತುಂಬಿಸಿ, ಕಾದ ಕಲ್ಲು ಹಾಕಿ ಕುದಿಸುತ್ತಿದ್ದರು. ಇಲ್ಲವೇ ರಾತ್ರಿಯ ಚಳಿಗೆ ಇಟ್ಟು, ಮೇಲೆ ಕಟ್ಟಿದ ಮಂಜುಗಡ್ಡೆ ತೆಗೆದು ಬಿಸಾಡಿ ರಸವನ್ನು ಗಟ್ಟಿ ಮಾಡುತ್ತಿದ್ದರು. ಫ್ರೆಂಚರು ತಂದದ್ದು ಲೋಹದ ಕಡಾಯಿ. ಶುಗರ್ ಶ್ಯಾಕ್‌ಗಳಲ್ಲಿ ಕಥೆ ಎಷ್ಟೋ ಸಲ ಫ್ರೆಂಚ್ ರೈತನ ಅಜ್ಜನಿಂದ ಶುರುವಾಗುತ್ತದೆ, ಮೂಲನಿವಾಸಿಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಇದು ನನಗೆ ಸರಿ ಕಾಣುವುದಿಲ್ಲ.

ರಸ ಹರಿಯುವುದು ವರ್ಷದಲ್ಲಿ ಕೆಲವೇ ವಾರ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಬೇಕು, ಹಗಲು ಸೊನ್ನೆಗಿಂತ ಮೇಲೆ ಬರಬೇಕು. ಹೀಗೆ ಹೆಪ್ಪುಗಟ್ಟಿ ಕರಗಿದಾಗ ಮರದೊಳಗೆ ಒತ್ತಡ ಏರಿ, ಕೊರೆದ ತೂತಿನಿಂದ ರಸ ತೊಟ್ಟಿಕ್ಕುತ್ತದೆ. ನೋಡಲು ನೀರೇ. ಸಕ್ಕರೆ ಇರುವುದು ನೂರಕ್ಕೆ 2 ಅಥವಾ 3 ಭಾಗ ಮಾತ್ರ. ಹಾಗಾಗಿ ಒಂದು ಲೀಟರ್ ಸಿರಪ್‌ಗೆ ಹೆಚ್ಚುಕಡಿಮೆ 40 ಲೀಟರ್ ರಸ ಬೇಕು. ಸಿರಪ್ ಆಗುವ ಹೊತ್ತಿಗೆ ಸಕ್ಕರೆ ನೂರಕ್ಕೆ 66ರಷ್ಟಾಗಿರುತ್ತದೆ, ನೀರು ಕುದಿಯುವುದಕ್ಕಿಂತ ಸುಮಾರು 4 ಡಿಗ್ರಿ ಹೆಚ್ಚಿನ ಬಿಸಿಯಲ್ಲಿ ಅದು ಹದಕ್ಕೆ ಬರುತ್ತದೆ. ಶಿರಸಿ, ಸಾಗರದ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಜೋನಿಬೆಲ್ಲದ ಹದ ನೋಡಿದವರಿಗೆ ಇಲ್ಲಿಯ ನೊರೆ, ಹಬೆ, ಒಲೆ ಮುಂದಿನ ಗಡಿಬಿಡಿ ಯಾವುದನ್ನೂ ವಿವರಿಸಬೇಕಿಲ್ಲ. ಈಗ ಬಕೆಟ್ಟುಗಳು ಬಹುಪಾಲು ಪ್ರವಾಸಿಗರಿಗಾಗಿ ಉಳಿದಿವೆ. 1970ರ ದಶಕದಿಂದೀಚೆಗೆ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಎಳೆದು, ಪಂಪಿನಿಂದ ರಸ ಹೀರುತ್ತಾರೆ. ಕುದಿಸುವ ಮುಂಚೆಯೇ ರಿವರ್ಸ್ ಆಸ್ಮೋಸಿಸ್ ಯಂತ್ರದಲ್ಲಿ ಬಹಳಷ್ಟು ನೀರು ತೆಗೆದುಬಿಡುತ್ತಾರೆ. ಸೌದೆ, ಎಣ್ಣೆ ಎರಡೂ ಉಳಿಯುತ್ತದೆ.

ಇನ್ನು ಊಟ. ಬಟಾಣಿ ಸೂಪು, ಹಂದಿ ಕೊಬ್ಬು ಹಾಕಿ ಗಂಟೆಗಟ್ಟಲೆ ಬೇಯಿಸಿದ ಬೀನ್ಸ್, ಹ್ಯಾಮ್, ದಪ್ಪ ಆಮ್ಲೆಟ್, ಟೂರ್ತಿಯೆರ್ ಅನ್ನುವ ಮಾಂಸದ ಪೈ, ಗರಿಗರಿಯಾಗಿ ಕರಿದ ಹಂದಿ ಚರ್ಮ. ಇದೆಲ್ಲದರ ಮೇಲೆ ಧಾರಾಳವಾಗಿ ಸಿರಪ್. ಬೀನ್ಸಿನ ಉಪ್ಪು, ಕೊಬ್ಬಿನ ಜೊತೆ ಸಿರಪ್ಪಿನ ಹೊಗೆಯಂಥ ಸಿಹಿ ಸೇರಿದಾಗ ಬರುವ ರುಚಿ ಮೊದಲ ತುತ್ತಿಗೆ ವಿಚಿತ್ರ ಅನ್ನಿಸುತ್ತದೆ, ಮೂರನೇ ತುತ್ತಿಗೆ ಬಿಡಲಾಗುವುದಿಲ್ಲ. ಇದು ಯಾರೋ ಕೂತು ಯೋಚಿಸಿ ಮಾಡಿದ ಮೆನು ಅಲ್ಲ. ಚಳಿಗಾಲದ ಕೊನೆಯಲ್ಲಿ ಉಗ್ರಾಣದಲ್ಲಿ ಉಳಿದಿರುತ್ತಿದ್ದದ್ದು ಉಪ್ಪು ಹಾಕಿದ ಹಂದಿ, ಒಣ ಬಟಾಣಿ, ಒಣ ಬೀನ್ಸ್. ಜೊತೆಗೆ ಕೋಳಿಗಳು ಆಗ ತಾನೇ ಮತ್ತೆ ಮೊಟ್ಟೆ ಇಡಲು ಶುರು ಮಾಡಿರುತ್ತಿದ್ದವು. ಹಗಲಿಡೀ ಹಿಮದಲ್ಲಿ ರಸ ಹೊತ್ತವರಿಗೆ ಬೇಕಾಗಿದ್ದದ್ದೂ ಇಂಥ ಗಟ್ಟಿ ಊಟವೇ. ಪೂಡಿಂಗ್ ಶೊಮೋರ್ ಅನ್ನುವ ಸಿಹಿ 1930ರ ಆಸುಪಾಸಿನ ಆರ್ಥಿಕ ಕುಸಿತದ ಕಾಲದ್ದು, ಕೆಲಸ ಕಳೆದುಕೊಂಡವರ ಮನೆಯ ತಿಂಡಿ. ಕೊನೆಗೆ ಹಿಮದ ಮೇಲೆ ಬಿಸಿ ಪಾಕ ಸುರಿದು ಕಡ್ಡಿಗೆ ಸುತ್ತಿ ಕೊಡುತ್ತಾರೆ. ಮಕ್ಕಳು ಕಾಯುವುದು ಅದಕ್ಕೇ.

ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ: ಬಟಾಣಿ ಸೂಪು ಅಂದ ಮಾತ್ರಕ್ಕೆ ಅದರಲ್ಲಿ ಹ್ಯಾಮ್ ಇಲ್ಲ ಅಂತಲ್ಲ. ಬೀನ್ಸೂ ಹಾಗೆಯೇ. ಮಾಂಸವಿಲ್ಲದ ಊಟ ಕೊಡುವ ಕಡೆಗಳು ಈಗ ಇವೆ, ಆದರೆ ಮುಂಚೆಯೇ ಫೋನ್ ಮಾಡಿ ಹೇಳಬೇಕು.

ಈಗ ಬೆಲೆಯ ವಿಷಯ. ಹತ್ತೊಂಬತ್ತನೇ ಶತಮಾನದವರೆಗೂ ಇಲ್ಲಿ ಮುಖ್ಯವಾಗಿ ಮಾಡುತ್ತಿದ್ದದ್ದು ಸಿರಪ್ ಅಲ್ಲ, ಗಟ್ಟಿ ಅಚ್ಚು ಸಕ್ಕರೆ. ಹಳ್ಳಿ ಮನೆಗಳಿಗೆ ಅದೇ ಸಕ್ಕರೆ. ಆಮೇಲೆ ಕಬ್ಬಿನ ಸಕ್ಕರೆ ಅಗ್ಗವಾಯಿತು, ಮೇಪಲ್ ಸಕ್ಕರೆ ದಿನಬಳಕೆಯಿಂದ ಹೊರಗೆ ಹೋಯಿತು. ದೊಡ್ಡ ಖರೀದಿದಾರರು ಉಳಿದದ್ದು ಅಮೆರಿಕದಲ್ಲಿ, ಅವರಲ್ಲಿ ತಂಬಾಕಿಗೆ ರುಚಿ ಕಟ್ಟಲು ಕೊಳ್ಳುವ ಕಂಪನಿಗಳೂ ಇದ್ದವು. ಅವರು ಹೇಳಿದ್ದೇ ಬೆಲೆ. ರೈತನಿಗೆ ವಸಂತದಲ್ಲಿ ಕೈಗೆ ಕಾಸು ಬೇಕೇ ಬೇಕು, ಅವನು ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ ಅನ್ನುವುದು ಕೊಳ್ಳುವವನಿಗೆ ಚೆನ್ನಾಗಿ ಗೊತ್ತು. ಎಲ್ಲಾ ದೇಶದಲ್ಲೂ ಇದೇ ಕಥೆ ಅಲ್ವಾ? ಇದರ ವಿರುದ್ಧ 1925ರಲ್ಲಿ ರೈತರು ಸೇರಿ ಸಹಕಾರ ಸಂಘ ಕಟ್ಟಿದರು. ಮುಂದೆ ನಿಂತವರು ಸಿರಿಲ್ ವಾಯಾಂಕೂರ್. ಸಿಟಾಡೆಲ್ ಅನ್ನುವ ಹೆಸರಲ್ಲಿ ಆ ಸಂಘ ಇಂದಿಗೂ ಪ್ಲೆಸಿವಿಲ್‌ನಲ್ಲಿದೆ. 1966ರಲ್ಲಿ ಬೆಳೆಗಾರರ ಫೆಡರೇಶನ್ ಹುಟ್ಟಿತು.

ಆದರೂ ಬೆಲೆ ನಿಲ್ಲಲಿಲ್ಲ. ಕಾರಣ ಹವಾಮಾನ. ಒಂದು ವಸಂತ ಒಂದೇ ಸಮನೆ ರಸ ಹರಿದರೆ ಸಿರಪ್ ರಾಶಿ ಬಿದ್ದು ಬೆಲೆ ಕುಸಿಯುತ್ತದೆ. ಮುಂದಿನ ವಸಂತ ಬೇಗ ಬಿಸಿಲು ಬಂದು ಕೆಟ್ಟರೆ ಬೆಲೆ ಏರುತ್ತದೆ, ಮಾರಲು ಮಾಲೇ ಇರುವುದಿಲ್ಲ. 2000ದಲ್ಲಿ ಬೆಳೆ ಅತಿಯಾದಾಗ ಫೆಡರೇಶನ್ ಒಂದು ಮೀಸಲು ದಾಸ್ತಾನು ಶುರು ಮಾಡಿತು. ಹೆಚ್ಚಾದ ಸಿರಪ್ಪನ್ನು ಪಾಶ್ಚರೀಕರಿಸಿ ಪೀಪಾಯಿಗಳಲ್ಲಿ ತುಂಬಿಡುವುದು, ಕೊರತೆಯ ವರ್ಷ ಬಿಡುವುದು. ಅದರ ಬೆನ್ನಿಗೆ, ಸಗಟು ಸಿರಪ್ ಎಲ್ಲ ಫೆಡರೇಶನ್ನಿನ ಮಾರಾಟ ಏಜೆನ್ಸಿಯ ಮೂಲಕವೇ ಹೋಗಬೇಕು ಅನ್ನುವ ನಿಯಮ ಬಂತು. 2004ರಲ್ಲಿ ಕೋಟಾ ಬಂತು, ಅಂದರೆ ಒಬ್ಬೊಬ್ಬ ರೈತ ಇಷ್ಟೇ ಮಾರಬಹುದು ಅನ್ನುವ ಮಿತಿ. ಕೋಟಾ ಮೀರಿದ್ದು ಮೀಸಲಿಗೆ ಹೋಗುತ್ತದೆ, ಅದು ಮಾರಾಟವಾದ ಮೇಲೆಯೇ ರೈತನಿಗೆ ದುಡ್ಡು. ಜಗತ್ತಿನ ಮೇಪಲ್ ಸಿರಪ್ಪಿನಲ್ಲಿ ಸುಮಾರು 70 ಶೇಕಡಾ ಕ್ವಿಬೆಕ್‌ನದೇ. ಅಂದರೆ ಇಲ್ಲಿ ಬೆಲೆ ನಿಂತರೆ ಜಗತ್ತಿನಲ್ಲೇ ನಿಂತ ಹಾಗೆ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರ ಮನೆಯವರಿಗೆ ಇದು ಎಲ್ಲೋ ಕೇಳಿದ್ದು ಅನ್ನಿಸಿರಬೇಕು. 1940ರ ದಶಕದಿಂದ 1990ರ ದಶಕದ ಮಧ್ಯದವರೆಗೆ ನಮ್ಮಲ್ಲೂ ಕಾಫಿಯನ್ನು, ಎಲ್ಲರ ಬೆಳೆ ಒಟ್ಟು ಸೇರಿಸಿ ಮಾರುವ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. ತಡವಾಗುತ್ತದೆ ಅನ್ನುವ ಸಿಟ್ಟೂ ಇತ್ತು, ಹೇಗೂ ಮಾರಾಟ ಆಗುತ್ತದೆ ಅನ್ನುವ ಧೈರ್ಯವೂ ಇತ್ತು. ಪೂಲ್ ಹೋದ ಮೇಲೆ ಕೆಲವು ವರ್ಷ ಒಳ್ಳೆ ಬೆಲೆ ಸಿಕ್ಕಿತು, ನಂತರ 2000ದ ಆಸುಪಾಸಿನಲ್ಲಿ ಬೆಲೆ ನೆಲ ಕಚ್ಚಿದ್ದನ್ನು ಆ ತೋಟಗಳವರು ಮರೆತಿಲ್ಲ. ನಮ್ಮ ಪೂಲ್ ನಡೆಸಿದ್ದು ಸರ್ಕಾರದ ಮಂಡಳಿ, ಕ್ವಿಬೆಕ್‌ನದು ಕಾನೂನಿನ ಬಲ ಇರುವ ಬೆಳೆಗಾರರ ಸಂಸ್ಥೆ. ಆ ವ್ಯತ್ಯಾಸ ದೊಡ್ಡದು. ನಾವು ಪೂಲ್ ಬಿಟ್ಟ ಕೆಲವೇ ವರ್ಷಗಳಲ್ಲಿ ಅವರು ಅದನ್ನು ಇನ್ನಷ್ಟು ಬಿಗಿ ಮಾಡಿಕೊಂಡರು.

ಬಿಗಿ ಎಲ್ಲರಿಗೂ ಒಗ್ಗಲಿಲ್ಲ. ನನ್ನ ಮರ, ನನ್ನ ಸಿರಪ್, ನಾನು ಯಾರಿಗೆ ಬೇಕಾದರೂ ಮಾರುತ್ತೇನೆ ಅಂದ ರೈತರು ಪಕ್ಕದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯಕ್ಕೆ ಮಾಲು ಸಾಗಿಸಿದರು. ಫೆಡರೇಶನ್ ದಂಡ ಹಾಕಿಸಿತು, ಸಿರಪ್ ಜಪ್ತಿ ಮಾಡಿಸಿತು, ಕೆಲವರ ಜಮೀನಿಗೆ ಕಾವಲುಗಾರರನ್ನೇ ಕಳಿಸಿತು. ಪ್ರಕರಣಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆದವು. ನಾನು ಪೂಲ್ ಪದ್ಧತಿಯ ಪರವೇ, ಆದರೂ ಮನೆ ಬಾಗಿಲಿಗೆ ಕಾವಲುಗಾರ ಬಂದು ನಿಲ್ಲುವುದನ್ನು ಒಪ್ಪಲು ಕಷ್ಟ.

ಬೆಲೆ ಒಂದು ಕಡೆ ಬಿಗಿಯಾಗಿ ನಿಂತರೆ ಕಳ್ಳ ದಾರಿಗಳೂ ಹುಟ್ಟುತ್ತವೆ. 2011 ಮತ್ತು 2012ರ ನಡುವೆ ಸೇಂಟ್ ಲೂಯಿ ದ ಬ್ಲಾಂಡ್‌ಫೋರ್ಡ್‌ನಲ್ಲಿ ಫೆಡರೇಶನ್ ಬಾಡಿಗೆಗೆ ಹಿಡಿದಿದ್ದ ಗೋದಾಮಿನಿಂದ ಸುಮಾರು 3,000 ಟನ್ ಸಿರಪ್ ಮಾಯವಾಯಿತು. ಬೆಲೆ ಸುಮಾರು 1.8 ಕೋಟಿ ಕೆನಡಾ ಡಾಲರ್. ಪೀಪಾಯಿಗಳಿಂದ ಸಿರಪ್ ತೆಗೆದು ಕೆಲವಕ್ಕೆ ನೀರು ತುಂಬಿಸಿಟ್ಟಿದ್ದರು, ಕೆಲವನ್ನು ಖಾಲಿಯೇ ಬಿಟ್ಟಿದ್ದರು. ದಾಸ್ತಾನು ಎಣಿಸಲು ಹತ್ತಿದವನ ಕಾಲಡಿ ಖಾಲಿ ಪೀಪಾಯಿ ಅಲ್ಲಾಡಿದಾಗ ವಿಷಯ ಹೊರಬಿತ್ತು. ಮುಖ್ಯ ಅಪರಾಧಿಗೆ 8 ವರ್ಷ ಜೈಲು, ಜೊತೆಗೆ 90 ಲಕ್ಷ ಡಾಲರ್‌ಗೂ ಹೆಚ್ಚಿನ ದಂಡ. ಆ ದಂಡ ಸರಿ ಎಂದು 2022ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು.

ಮೀಸಲು ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು 2021ರಲ್ಲಿ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಅಡುಗೆ ಮಾಡುವವರು ಜಾಸ್ತಿಯಾಗಿ ಬೇಡಿಕೆ ಏರಿತ್ತು, ಆ ವಸಂತ ಮಾತ್ರ ಬೇಗ ಬಿಸಿಯಾಗಿ ಬೆಳೆ ಕುಸಿಯಿತು. ಮೀಸಲಿನಿಂದ ಸುಮಾರು 5 ಕೋಟಿ ಪೌಂಡ್ ಸಿರಪ್ ಹೊರಗೆ ಬಿಟ್ಟರು. ಅಂಗಡಿಗಳಲ್ಲಿ ಸಿರಪ್ ಸಿಗುತ್ತಲೇ ಇತ್ತು. 2022ರಲ್ಲಿ 21 ಕೋಟಿ ಪೌಂಡ್‌ಗೂ ಹೆಚ್ಚು ಬೆಳೆ ಬಂತು, 2023ರಲ್ಲಿ ಅದು ಸುಮಾರು 12.4 ಕೋಟಿಗೆ ಇಳಿಯಿತು. ಒಂದೇ ವರ್ಷದಲ್ಲಿ ಇಷ್ಟು ಏರಿಳಿತ ಇರುವ ಬೆಳೆಯನ್ನು ಸುಮ್ನೆ ಮಾರುಕಟ್ಟೆಗೆ ಬಿಟ್ಟುಬಿಡಿ ಅನ್ನುವವರ ಮಾತು ನನಗೆ ಒಪ್ಪಿಗೆ ಆಗುವುದಿಲ್ಲ.

ಅದೇ ಕೋವಿಡ್‌ಗೆ ಊಟ ಬಡಿಸುವ ಶುಗರ್ ಶ್ಯಾಕ್‌ಗಳು ತತ್ತರಿಸಿದವು. ವರ್ಷದ ದುಡಿಮೆಯೆಲ್ಲ ಮಾರ್ಚ್, ಏಪ್ರಿಲ್‌ನಲ್ಲೇ, ಬಾಗಿಲು ಮುಚ್ಚಿದ್ದೂ ಆಗಲೇ. ಕೆಲವರು ಬೀನ್ಸ್, ಸೂಪು, ಪಾಕ ಎಲ್ಲ ಡಬ್ಬಿ ಕಟ್ಟಿ ಮನೆಗೆ ಮಾರಿ ಬದುಕಿಕೊಂಡರು, ಕೆಲವು ಮತ್ತೆ ತೆರೆಯಲೇ ಇಲ್ಲ. 2021ರಲ್ಲೇ ಕ್ವಿಬೆಕ್ ಸರ್ಕಾರ ಸಿರಪ್ ಕಾಲದ ಆಚರಣೆಗಳನ್ನು ಪ್ರಾಂತ್ಯದ ಪರಂಪರೆಯೆಂದು ಗುರುತಿಸಿತು.

ಈಗಿನ ಜಗಳ ಕಾಡಿನದು. ಬೇಡಿಕೆ ಏರುತ್ತಿದೆ, 2021ರಿಂದ ಲಕ್ಷಾಂತರ ಹೊಸ ತೂತುಗಳಿಗೆ ಅನುಮತಿ ಸಿಕ್ಕಿದೆ, ಆದರೆ ರಸ ತೆಗೆಯುವಷ್ಟು ದಪ್ಪವಾಗಲು ಮೇಪಲ್ ಮರಕ್ಕೆ ಸುಮಾರು 40 ವರ್ಷ ಬೇಕು. ಸರ್ಕಾರಿ ಕಾಡಿನಲ್ಲಿರುವ ಬೆಳೆದ ಮರಗಳನ್ನು ನಾಟಾಕ್ಕೆ ಕಡಿಯಬೇಡಿ, ನಮಗೆ ಬಿಡಿ ಅಂತ ಬೆಳೆಗಾರರು ಕೇಳುತ್ತಿದ್ದಾರೆ. ಮರದ ಕಂಪನಿಗಳು ಒಪ್ಪುತ್ತಿಲ್ಲ.

ನೀವು ಹೋದರೆ ಸಿರಪ್ ಅಲ್ಲೇ ಕೊಳ್ಳಿ, ಹಳ್ಳಿ ಚಿತ್ರ ಇರುವ 540 ಮಿಲಿಲೀಟರ್ ತಗಡಿನ ಡಬ್ಬಿ. ಸಣ್ಣ ಡಬ್ಬಿಯಲ್ಲಿ ಗಿರಾಕಿಗೆ ನೇರವಾಗಿ ಮಾರುವುದಕ್ಕೆ ಏಜೆನ್ಸಿಯ ಹಂಗಿಲ್ಲ, ದುಡ್ಡು ಆವತ್ತೇ ರೈತನ ಕೈಗೆ. ತಿಳಿ ಬಂಗಾರದ ಬಣ್ಣದ್ದು ಋತುವಿನ ಆರಂಭದ್ದು, ರುಚಿ ನಯ. ಕಪ್ಪು ಬಣ್ಣದ್ದು ಕೊನೆಯದು, ರುಚಿ ಗಾಢ. ನೀರುದೋಸೆಗೆ ನಾನು ಹಾಕಿಕೊಳ್ಳುವುದು ಕಪ್ಪನ್ನೇ.