ಕೆರೆ ತುಂಬಿದ ಮೇಲಿನ ಲೆಕ್ಕ

ಆಲಮಟ್ಟಿಯ ಹಿನ್ನೀರನ್ನು ಎತ್ತಿ ಕೆರೆಗಳಿಗೆ ಹರಿಸಲು ತೊಡಗಿದ ಮೇಲೆ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಜನ ನಮ್ಮಂಥ ಅಂತರ್ಜಲದ ಕೆಲಸದವರನ್ನು ಕೇಳುವ ಪ್ರಶ್ನೆಯೇ ಬದಲಾಗಿದೆ. ಮೊದಲು, ಬೋರ್ ಎಲ್ಲಿ ಕೊರೆಸೋಣ ಎನ್ನುತ್ತಿದ್ದರು. ಈಗ, ಕೆರೆ ತುಂಬಿದ್ದರೂ ಶಿವರಾತ್ರಿ ಕಳೆಯುವಷ್ಟರಲ್ಲಿ ಕುಡಿಯುವ ನೀರಿನ ಬಾವಿ ಏಕೆ ತಳ ಕಾಣುತ್ತದೆ ಎನ್ನುತ್ತಾರೆ.

ಜಿಲ್ಲೆಯ ಬಹುಭಾಗದಲ್ಲಿ ಎರೆಮಣ್ಣಿನ ಕೆಳಗಿರುವುದು ಬಸಾಲ್ಟ್ ಬಂಡೆ. ನೀರು ನಿಲ್ಲುವುದು ಅದರ ಮೇಲಿನ ಗರಸಿನ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಕೆರೆಯಿಂದ ಬಸಿದ ನೀರು ಹೊಲದ ಬಾವಿಗೂ ಪಂಚಾಯಿತಿಯ ಬಾವಿಗೂ ಬರುವುದು ಇದೇ ದಾರಿಯಲ್ಲಿ. ಬಾವಿಗಳು ಹತ್ತು ಇದ್ದರೂ ಕೊಪ್ಪರಿಗೆ ಒಂದೇ. ಪಕ್ಕದವನಿಗಿಂತ ನೂರು ಅಡಿ ಆಳಕ್ಕೆ ಕೊರೆಸಿದವನು ಹೆಚ್ಚಿನ ಕಡೆ ಹೊಸ ನೀರನ್ನೇನೂ ತರುವುದಿಲ್ಲ; ಪಕ್ಕದವನದನ್ನೇ ಎಳೆದುಕೊಳ್ಳುತ್ತಾನೆ.

ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. 3,000 ಜನರ ಊರಿಗೆ 1.65 ಲಕ್ಷ ಲೀಟರ್ ಆಯಿತು. ಒಂದೇ ಎಕರೆ ಕಬ್ಬಿಗೆ ಒಮ್ಮೆ ಐದು ಸೆಂಟಿಮೀಟರ್ ನೀರು ಹಾಯಿಸಿದರೆ ಸುಮಾರು 2 ಲಕ್ಷ ಲೀಟರ್! ಇದನ್ನು ಕೇಳಿ ಕಬ್ಬು ಬೆಳೆದವನ ಮೇಲೆ ಮುನಿಸಿಕೊಳ್ಳಬೇಡಿ. ಬರಗಾಲಗಳಲ್ಲಿ ಸೋತವನು ಕಾರ್ಖಾನೆ ಕೊಳ್ಳುವ ಬೆಳೆಯತ್ತ ತಿರುಗುವುದು ಸಹಜ. ಬಿಳಿಜೋಳ, ಕಡಲೆಗೆ ಅಂಥ ಭರವಸೆ ಕೊಡದೆ ಅವನಿಗೆ ಬುದ್ಧಿ ಹೇಳುವುದು ಅನ್ಯಾಯ.

ಕುಡಿಯುವ ನೀರಿನ ಸಾರ್ವಜನಿಕ ಮೂಲದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂಬ ರಾಜ್ಯದ ಕಾಯ್ದೆ 1999ರಷ್ಟು ಹಳೆಯದು. ಕೊರೆಯುವ ಲಾರಿ ಬಂದು ಹೋದ ಮೇಲೆ ಅದನ್ನು ನೆನಪಿಸಿಕೊಂಡು ಪ್ರಯೋಜನವಿಲ್ಲ.

ಅಳತೆಯಿಂದ ಶುರು ಮಾಡಿ. ನೀರುಗಂಟಿ ಹದಿನೈದು ದಿನಕ್ಕೊಮ್ಮೆ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಸಲಿ. ಬೆಳಗಿನ ಜಾವ, ಮೋಟಾರ್ ಹಾಕುವ ಮೊದಲೇ ಅಳೆಯಬೇಕು. ಪಂಪು ನಡೆಯುತ್ತಿರುವಾಗ ಸಿಗುವ ಮಟ್ಟ ನಂಬಿಕೆಗೆ ಯೋಗ್ಯವಲ್ಲ. ಆ ಅಂಕಿ ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣಲಿ. ದಸರೆ ಹೊತ್ತಿಗೆ, ಕಬ್ಬು ನೆಡುವ ಮುನ್ನ, ಗ್ರಾಮಸಭೆ ಕರೆಯಿರಿ. ಜೂನ್ ತನಕ ಜನಕ್ಕೂ ದನಕರುಗಳಿಗೂ ಬೇಕಾದಷ್ಟನ್ನು ಮೊದಲು ಎತ್ತಿಟ್ಟು, ಉಳಿದದ್ದರಲ್ಲಿ ಎಷ್ಟು ಎಕರೆ ಎಂದು ಗೊತ್ತು ಮಾಡಿ. ಕೆರೆಯ ಕೆಳಗಿನ ಪಕ್ಕದ ಊರಿನವರೂ ಆ ಸಭೆಯಲ್ಲಿರಬೇಕು, ಅವರ ಬಾವಿಗಳಿಗೆ ಬರುವುದೂ ಇದೇ ಕೆರೆಯ ಬಸಿ ನೀರು.