ಮಹಾಯುದ್ಧಗಳ ನಡುವಿನ ಇಟಲಿಯ ದುಬಾರಿ ಕಾರುಗಳು: ಬಾಡಿ ಬಿಟ್ಟು ಚಾಸಿ ಓದಿ

1919ರಿಂದ 1939ರವರೆಗಿನ ಇಟಲಿ ಕಾರುಗಳನ್ನು ಬಾಡಿ ನೋಡಿ ಗುರುತಿಸಲು ಹೊರಟರೆ ಎಡವುತ್ತೀರಿ. ದೊಡ್ಡ ಕಾರುಗಳನ್ನು ಕಂಪನಿಗಳು ಹೆಚ್ಚಾಗಿ ಬರೀ ಚಾಸಿಯಾಗಿ, ಅಂದರೆ ಇಂಜಿನ್ ಮತ್ತು ಚಕ್ರ ಹೊತ್ತ ಚೌಕಟ್ಟಾಗಿ, ಮಾರುತ್ತಿದ್ದವು. ಅದರ ಮೇಲೆ ಬಾಡಿ ಕಟ್ಟುತ್ತಿದ್ದವರು ಬೇರೆಯವರು: ಮಿಲಾನಿನ ಕಸ್ಟಾನ್ಯಾ, ಸಾಲಾ, ಝಗಾಟೊ, ಟೂರಿಂಗ್, ಮತ್ತು 1930ರಿಂದ ಟೂರಿನ್‌ನ ಪಿನಿನ್ ಫರೀನಾ. ಒಂದೇ ಮಾಡೆಲ್‌ನ ಎರಡು ಕಾರು ಅಕ್ಕಪಕ್ಕ ನಿಂತರೂ ಹೋಲಿಕೆಯೇ ಸಿಗದಿರಬಹುದು. ನಂಬಬೇಕಾದದ್ದು ಬೋರ್ (ಸಿಲಿಂಡರಿನ ಒಳವ್ಯಾಸ), ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಮತ್ತು ಸಿಲಿಂಡರ್ ಸಂಖ್ಯೆ.

ಮಿಲಾನಿನ ಇಸೊಟ್ಟಾ ಫ್ರಾಸ್ಕಿನಿ 1919ರಲ್ಲಿ ತಂದ ಟಿಪೋ 8 ಇದಕ್ಕೆ ಒಳ್ಳೆಯ ಅಭ್ಯಾಸ. ಜುಸ್ತಿನೊ ಕತ್ತಾನೆಯೊ ರೂಪಿಸಿದ ಇದರಲ್ಲಿ ಎಂಟು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿವೆ. ಸರಣಿಯಾಗಿ ತಯಾರಾದ ಇಂಥ ಮೊದಲ ಕಾರು ಇದೇ. ಬೋರ್ 85 ಮಿ.ಮೀ., ಸ್ಟ್ರೋಕ್ 130 ಮಿ.ಮೀ. ಅಳತೆಗಳನ್ನು ಸೆಂ.ಮೀ.ಗೆ ತಂದು (0.7854 ಎಂದರೆ ಪೈ ಭಾಗಿಸು 4) 0.7854 × 8.5 × 8.5 × 13 × 8 ಎಂದು ಗುಣಿಸಿದರೆ 5,901 ಸಿಸಿ. 1924ರ 8ಎ ಮಾಡೆಲ್‌ನಲ್ಲಿ ಸ್ಟ್ರೋಕ್ ಹಾಗೇ ಉಳಿದು ಬೋರ್ ಮಾತ್ರ 95 ಆಯಿತು. ಮತ್ತೆ ಲೆಕ್ಕ ಹಾಕಿ, 7,372 ಸಿಸಿ ಬರಬೇಕು. ಉತ್ತರ ನಾಲ್ಕು ಪಟ್ಟು ಬಂದರೆ ಬೋರನ್ನು ತ್ರಿಜ್ಯವೆಂದು ಹಿಡಿದಿದ್ದೀರಿ, ಅದು ವ್ಯಾಸ. ಇಷ್ಟು ದೊಡ್ಡ ಇಂಜಿನ್‌ಗೆ ಮೂರೇ ಗೇರ್. ಅದು ಜಿಪುಣತನವಲ್ಲ: ಕಡಿಮೆ ವೇಗದಲ್ಲೂ ಎಳೆತ ಧಾರಾಳವಾಗಿದ್ದುದರಿಂದ ಸಂಬಳದ ಡ್ರೈವರ್ ಟಾಪ್ ಗೇರ್‌ನಲ್ಲೇ ಊರು ಸುತ್ತಬಹುದಿತ್ತು.

ಇನ್ನು ಲಾಂಚಾ ಕಂಪನಿಯ ಲ್ಯಾಂಬ್ಡಾ. ಈ ಟಿಪ್ಪಣಿಯಲ್ಲಿ ಒಂದೇ ಕಾರು ಓದಲು ಪುರುಸೊತ್ತಿದ್ದರೆ ಇದನ್ನೇ ಓದಿ. 1922ರ ಪ್ರದರ್ಶನಗಳಲ್ಲಿ ಕಾಣಿಸಿಕೊಂಡ ಇದು 1931ರವರೆಗೆ ಒಂಬತ್ತು ಸರಣಿಗಳಲ್ಲಿ ಬಂತು. ಇದರ ಮೊದಲ ಸರಣಿಗಳಿಗೆ ಪ್ರತ್ಯೇಕ ಚಾಸಿಯೇ ಇಲ್ಲ. ಉಕ್ಕಿನ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ಬಾಡಿಯೇ ಭಾರ ಹೊರುತ್ತದೆ. ಸೀಟಿನ ಬೆನ್ನುಗಳೂ ಅಡ್ಡಪಟ್ಟಿಯ ಕೆಲಸ ಮಾಡುತ್ತವೆ. ಇಂಜಿನ್ ಶಕ್ತಿಯನ್ನು ಹಿಂಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಡುವಿನ ಸುರಂಗದಲ್ಲಿ ಹೋಗುವುದರಿಂದ ಸೀಟುಗಳು ಅದರ ಎರಡೂ ಬದಿ ತಗ್ಗಿನಲ್ಲಿ ಕೂತವು, ಕಾರಿನ ಒಟ್ಟು ಎತ್ತರವೂ ಇಳಿಯಿತು. ಇದರ ಇನ್ನೊಂದು ಮುಖ ರಿಪೇರಿಗೆ ಕೂತಾಗ ಗೊತ್ತಾಗುತ್ತದೆ. ಮಾಮೂಲಿ ಕಾರಿನಲ್ಲಿ ಬಾಡಿಯ ತುಕ್ಕು ಬರೀ ಅಂದದ ಪ್ರಶ್ನೆ. ಲ್ಯಾಂಬ್ಡಾದಲ್ಲಿ ಕೆಳಗಿನ ತಗಡು ತಿಂದುಹೋದರೆ ಕಾರಿನ ಬೆನ್ನೆಲುಬೇ ಹೋಯಿತು. ಪಕ್ಕದ ಗೋಡೆ ಕತ್ತರಿಸಿ ದೊಡ್ಡ ಬಾಗಿಲು ಇಟ್ಟರೂ ಅದೇ ಗತಿ: ಬಿಗಿ ತಪ್ಪುತ್ತದೆ, ಓಡುವಾಗ ಇಡೀ ಕಾರು ತಿರುಚಿಕೊಳ್ಳುತ್ತದೆ.

ಮುಂದಿನ ಸಸ್ಪೆನ್ಷನ್ ಸ್ಲೈಡಿಂಗ್ ಪಿಲ್ಲರ್ ಬಗೆಯದು. ಪ್ರತಿ ಚಕ್ರದ ಬಳಿಯೂ ಒಂದು ನೆಟ್ಟಗಿನ ಕೊಳವೆ. ಅದರೊಳಗೆ ಕಾಯಿಲ್ ಸ್ಪ್ರಿಂಗ್ ಮತ್ತು ಕುಲುಕಾಟ ತಗ್ಗಿಸುವ ಹೈಡ್ರಾಲಿಕ್ ಡ್ಯಾಂಪರ್. ಸೈಕಲ್ ಪಂಪಿನ ಹಾಗೆ ಒಂದರೊಳಗೊಂದು ಜಾರುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಅದರ ಸುದ್ದಿಯಿಲ್ಲ. ಆದರೆ ತಿರುವಿನಲ್ಲಿ ಬಾಡಿ ವಾಲಿದಷ್ಟೇ ಚಕ್ರಗಳೂ ವಾಲುತ್ತವೆ, ಇದು ಈ ಬಗೆಯ ಹುಟ್ಟುಗುಣ. ಎಣ್ಣೆ ಸೋರಿದರೆ ಡ್ಯಾಂಪಿಂಗ್ ಕುಂದುತ್ತದೆ, ಜಾರುವ ಮೈ ಸವೆಯುತ್ತದೆ, ಆಮೇಲೆ ಸ್ಟೀರಿಂಗ್ ಸಡಿಲ. ಹಿಂದೆ ಇರುವುದು ಮಾಮೂಲಿ ಲೈವ್ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಗಟ್ಟಿ ಅಚ್ಚು), ಪಟ್ಟಿ ಸ್ಪ್ರಿಂಗ್.

ಇಂಜಿನ್ ವಿ-4, ಅಂದರೆ ನಾಲ್ಕು ಸಿಲಿಂಡರ್‌ಗಳು ವಿ ಆಕಾರದ ಎರಡು ಸಾಲುಗಳಲ್ಲಿ, ಆದರೆ ಎರಡು ಸಾಲುಗಳ ನಡುವಿನ ಕೋನ ಸುಮಾರು 13 ಡಿಗ್ರಿ ಮಾತ್ರ. ಅಷ್ಟು ಹತ್ತಿರವಿರುವುದರಿಂದ ಎರಡೂ ಸಾಲಿಗೆ ಒಂದೇ ಸಿಲಿಂಡರ್ ಹೆಡ್, ಮೇಲೆ ವಾಲ್ವ್‌ಗಳನ್ನು ತೆರೆಯುವ ಒಂದೇ ಕ್ಯಾಮ್‌ಶಾಫ್ಟ್ ಸಾಕಾಯಿತು. ಇಂಜಿನ್ ಗಿಡ್ಡವಾಗಿ ಪ್ರಯಾಣಿಕರಿಗೆ ಜಾಗ ಉಳಿಯಿತು. ಸಾಮರ್ಥ್ಯ ಮೊದಲು 2,120 ಸಿಸಿ, ನಂತರ 2,370, ಕೊನೆಗೆ 2,570. 'ಲ್ಯಾಂಬ್ಡಾ ಎಷ್ಟು ಸಿಸಿ' ಎಂಬ ಪ್ರಶ್ನೆಗೆ ಸರಣಿ ಹೇಳದೆ ಉತ್ತರ ಬರೆಯಬೇಡಿ.

ಇಷ್ಟೆಲ್ಲ ಮಾಡಿಯೂ ಲಾಂಚಾ ತನ್ನ ದೊಡ್ಡ ವಿ-8 ಡಿಲ್ಯಾಂಬ್ಡಾ (3,960 ಸಿಸಿ, ಕೋನ 24 ಡಿಗ್ರಿ) ಮತ್ತು 1931ರ ಅಸ್ತೂರಾ ಕಾರುಗಳಲ್ಲಿ ಪ್ರತ್ಯೇಕ ಚಾಸಿಗೇ ಮರಳಿತು. ಹಣವಂತ ಗಿರಾಕಿಗೆ ತನಗೆ ಬೇಕಾದ ಬಾಡಿ ಬೇಕಿತ್ತು. ಲ್ಯಾಂಬ್ಡಾದ ಕಟ್ಟೋಣ ಅದಕ್ಕೆ ಬಗ್ಗುತ್ತಿರಲಿಲ್ಲ. ಭಾರ ಹೊರುವ ಬಾಡಿ ಮತ್ತೆ ಬಂದದ್ದು 1933ರ ಚಿಕ್ಕ ಅಗುಸ್ಟಾದಲ್ಲಿ.

ಆಲ್ಫಾ ರೋಮಿಯೋದ ದಾರಿ ರೇಸಿನದು. 1923ರಲ್ಲಿ ಫಿಯಟ್ ಬಿಟ್ಟು ಬಂದ ವಿತ್ತೋರಿಯೊ ಯಾನೊ ರೂಪಿಸಿದ ಆರು ಸಿಲಿಂಡರ್‌ನ 6ಸಿ 1750ರಲ್ಲಿ ಬೋರ್ 65, ಸ್ಟ್ರೋಕ್ 88. ಅದೇ ಅಳತೆಗೆ ಇನ್ನೆರಡು ಸಿಲಿಂಡರ್ ಸೇರಿಸಿದರೆ 1931ರ 8ಸಿ 2300, ಅಂದರೆ 2,336 ಸಿಸಿ. ಎಂಟು ಸಿಲಿಂಡರ್ ಸಾಲಿಟ್ಟಾಗ ಪಿಸ್ಟನ್‌ಗಳು ತಿರುಗಿಸುವ ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ತಿರುಚಿಕೊಂಡು ಕಂಪಿಸುತ್ತದೆ. ಅದರ ತುದಿಯಿಂದ ಕ್ಯಾಮ್ ಓಡಿಸಿದರೆ ಆ ನಡುಕ ವಾಲ್ವ್ ಟೈಮಿಂಗ್‌ಗೂ ತಗಲುತ್ತದೆ. ಯಾನೊ ನಾಲ್ಕು ಸಿಲಿಂಡರ್‌ಗಳ ಎರಡು ಬ್ಲಾಕ್ ಇಟ್ಟು, ಅವುಗಳ ನಡುವೆ ಗೇರ್‌ಗಳನ್ನು ಕೂರಿಸಿ, ಕ್ಯಾಮ್ ಮತ್ತು ಸೂಪರ್‌ಚಾರ್ಜರ್ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು) ಎರಡನ್ನೂ ಅಲ್ಲಿಂದಲೇ ಓಡಿಸಿದರು. 1931ರಿಂದ 1934ರವರೆಗೆ ಸತತ ನಾಲ್ಕು ವರ್ಷ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ ರೇಸ್ ಗೆದ್ದದ್ದು ಈ ಕಾರೇ. ಒಂದು ಎಚ್ಚರಿಕೆ: 1750 ಎಂದರೆ ಒಂದೇ ಕಾರಲ್ಲ. ಒಂದು ಕ್ಯಾಮ್‌ನ ಟುರಿಸ್ಮೊ, ಎರಡು ಕ್ಯಾಮ್‌ನ ಗ್ರಾನ್ ಟುರಿಸ್ಮೊ, ಸೂಪರ್‌ಚಾರ್ಜರ್ ಇರುವವು, ಎಲ್ಲವೂ ಆ ಹೆಸರಿನವೇ. ಅಶ್ವಶಕ್ತಿ ಸುಮಾರು 46ರಿಂದ 85ರವರೆಗೆ ಹೋಗುತ್ತದೆ.

ಫಿಯಟ್ 1938ರಲ್ಲಿ ಆರು ಸಿಲಿಂಡರ್‌ನ 2800 ತಂದಿತು (2,852 ಸಿಸಿ), ತಯಾರಾದದ್ದು ಕೆಲವು ನೂರು ಮಾತ್ರ. ಬ್ರೆಶಿಯಾದ ಓಎಂ ಕಂಪನಿಯ 665 ಎರಡು ಲೀಟರಿನದು. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ ಹಳೆಯ ಸೈಡ್-ವಾಲ್ವ್ ಇಂಜಿನ್ನಿನಲ್ಲೇ 1927ರ ಮೊದಲ ಮಿಲ್ಲೆ ಮಿಲಿಯಾ ರಸ್ತೆ ರೇಸಿನಲ್ಲಿ ಮೊದಲ ಮೂರೂ ಸ್ಥಾನ ಬಾಚಿಕೊಂಡಿತು.

ಫೋಟೋ ನೋಡಿ ಗುರುತಿಸುವವರಿಗೆ ಇನ್ನೊಂದು ಮಾತು. ಇಟಲಿಯಲ್ಲಿ ಸಂಚಾರ ಬಲಬದಿಗೆ ಬಂದ ಮೇಲೂ ಲಾಂಚಾ ಮತ್ತು ಆಲ್ಫಾ ಸ್ಟೀರಿಂಗನ್ನು ಬಲಕ್ಕೇ ಇಟ್ಟವು. ಆದ್ದರಿಂದ ಬಲ ಸ್ಟೀರಿಂಗ್ ಕಂಡ ಕೂಡಲೇ ಇಂಗ್ಲೆಂಡಿಗೋ ಭಾರತಕ್ಕೋ ಹೋದ ಕಾರು ಎಂದು ಬರೆದುಬಿಡಬೇಡಿ.